ಭದ್ರತೆಗೆ ಅಪಾಯವೆನಿಸಿದ ವಿದೇಶೀಯನನ್ನು ಚಿತ್ರಹಿಂಸೆಯ ಭಯವಿರುವ ದೇಶಕ್ಕೆ ಗಡೀಪಾರು ಮಾಡಬಹುದೇ?

ಪ್ರಶ್ನೆ: ಹುಣಸೂರಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಬೈಲಕುಪ್ಪೆಯ ಪಕ್ಕದ ಹಳ್ಳಿಯಲ್ಲಿ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ನೆಲದಲ್ಲಿ ಟಿಬೆಟನ್ನರು ಕಾಡು ಕಡಿದು ಮೆಕ್ಕೆಜೋಳ ಬಿತ್ತಿದ್ದನ್ನು ನಮ್ಮ ತಂದೆಯವರು ಕಣ್ಣಾರೆ ಕಂಡವರು. ನನ್ನ ಸಹಪಾಠಿಯಾಗಿದ್ದ ಟಿಬೆಟನ್ ಗೆಳತಿಯೊಬ್ಬಳ ತಾಯಿ ತಮ್ಮ ನೋಂದಣಿ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ, ಬಟ್ಟೆಗಳ ಕೆಳಗೆ ಇಟ್ಟಿರುತ್ತಿದ್ದರು. ಮನೆಯಲ್ಲಿ ಅದನ್ನು ‘ಆರ್‌ಸಿ’ ಎನ್ನುತ್ತಿದ್ದರು. ಒಡವೆಗಿಂತ ಅದಕ್ಕೇ ಹೆಚ್ಚು ಜೋಪಾನ. ಈ ವಿಷಯ ನನಗೆ ಪಠ್ಯಪುಸ್ತಕದಿಂದ ಬಂದದ್ದಲ್ಲ ಎಂದು ತಿಳಿಸಲು ಇಷ್ಟು ಹೇಳಿದೆ.

ಕಳೆದ ವಾರ ಅಂತಿಮ ವರ್ಷದ ತರಗತಿಯಲ್ಲಿ ನಿರಾಶ್ರಿತರ ಕುರಿತ 1951ರ ಒಡಂಬಡಿಕೆಯನ್ನು ಓದಿಸುತ್ತಿದ್ದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಯಾರ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿದೆಯೋ ಅವರನ್ನು ಆ ಅಪಾಯದ ನೆಲಕ್ಕೆ ಮರಳಿ ಅಟ್ಟಬಾರದು ಎಂದು ಅದರ 33ನೇ ವಿಧಿಯ ಮೊದಲ ಭಾಗ ಹೇಳುತ್ತದೆ. ಅದರ ಬೆನ್ನಿಗೇ ಬರುವ ಎರಡನೇ ಭಾಗವು, ಆಶ್ರಯ ಕೊಟ್ಟ ದೇಶದ ಭದ್ರತೆಗೆ ಅಪಾಯಕಾರಿ ಎಂದು ನಂಬಲು ಸಕಾರಣಗಳಿರುವ ವ್ಯಕ್ತಿಗೂ, ಬಹಳ ಘೋರವಾದ ಅಪರಾಧದಲ್ಲಿ ಅಂತಿಮವಾಗಿ ಶಿಕ್ಷೆಗೊಳಗಾಗಿ ಸಮಾಜಕ್ಕೆ ಅಪಾಯವೊಡ್ಡುವ ವ್ಯಕ್ತಿಗೂ ಈ ರಕ್ಷಣೆ ಸಿಗದು ಎನ್ನುತ್ತದೆ. ಆದರೆ ಚಿತ್ರಹಿಂಸೆಯ ವಿರುದ್ಧದ 1984ರ ಒಡಂಬಡಿಕೆಯ 3ನೇ ವಿಧಿಯಲ್ಲಿ ಇಂಥ ವಿನಾಯಿತಿಯೇ ಇಲ್ಲ. ಚಿತ್ರಹಿಂಸೆಗೆ ಗುರಿಯಾಗುವ ಭಯಕ್ಕೆ ಬಲವಾದ ಆಧಾರವಿದ್ದರೆ ಯಾವ ವ್ಯಕ್ತಿಯನ್ನೂ ಅಲ್ಲಿಗೆ ಕಳುಹಿಸುವಂತಿಲ್ಲ.

ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಮೇಡಂ, ಹಾಗಾದರೆ ಬಾಂಬ್ ಇಡಲು ಬಂದವನನ್ನೂ ನಾವೇ ಸಾಕಬೇಕೇ? ಭದ್ರತೆ ಮತ್ತು ಹಕ್ಕುಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಕು ಎಂದು ನೀವೇ ಹೇಳಿದ್ದಿರಿ” ಎಂದ. ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಎರಡು ಒಡಂಬಡಿಕೆಗಳು ಎದುರುಬದುರಾದಾಗ ಯಾವುದು ನಿಲ್ಲುತ್ತದೆ? 1951ರ ಒಡಂಬಡಿಕೆಗೆ ಸಹಿಯನ್ನೇ ಹಾಕದ ಭಾರತಕ್ಕೆ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಧಾರವಾಡದ ವಕೀಲ

ಮೇಡಂ, ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನೇ ಬ್ರಿಟಿಷ್ ಸರ್ಕಾರ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಕೇಳಿತ್ತು, ಅದೂ ಭಾರತಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುವುದು ಸೂಕ್ತ.

ಚಾಹಲ್ ಎಂಬ ಸಿಖ್ ಪ್ರತ್ಯೇಕತಾವಾದಿ 1971ರಿಂದ ಬ್ರಿಟನ್ನಿನಲ್ಲಿದ್ದರು. ಅವರ ಇರುವಿಕೆ ದೇಶದ ಭದ್ರತೆಗೆ ಅಪಾಯವೆಂದು 1990ರ ಆಗಸ್ಟ್‌ನಲ್ಲಿ ಸರ್ಕಾರ ಅವರನ್ನು ಬಂಧಿಸಿ, ಭಾರತಕ್ಕೆ ಗಡೀಪಾರು ಮಾಡಲು ಹೊರಟಿತು. ಹಿಂದೊಮ್ಮೆ ಪಂಜಾಬಿಗೆ ಹೋಗಿದ್ದಾಗ ಪೊಲೀಸರು ತಮ್ಮನ್ನು ಹಿಂಸಿಸಿದ್ದರು, ಮತ್ತೆ ಕಳುಹಿಸಿದರೆ ಅದೇ ಕಾದಿದೆ ಎಂಬುದು ಅವರ ವಾದ. ಭಾರತ ಸರ್ಕಾರ ಅವರಿಗೆ ತೊಂದರೆಯಾಗದೆಂದು ಭರವಸೆ ಕೊಟ್ಟಿತ್ತು. ಬ್ರಿಟನ್ ಹೇಳಿದ್ದಿಷ್ಟು: ಭದ್ರತೆಗೆ ಒಡ್ಡುವ ಅಪಾಯ ದೊಡ್ಡದಿದ್ದಷ್ಟೂ ಹಿಂಸೆಯ ಸಾಧ್ಯತೆಗೆ ಕೊಡುವ ತೂಕ ಕಡಿಮೆಯಾಗಬೇಕು. ಅಂದರೆ ಅದೇ ತಕ್ಕಡಿ. 1996ರ ನವೆಂಬರ್ 15ರಂದು ನ್ಯಾಯಾಲಯದ ಮಹಾಪೀಠ 12-7 ಬಹುಮತದಿಂದ ಅದನ್ನು ತಳ್ಳಿಹಾಕಿತು. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಲ್ಲಿರುವ ಚಿತ್ರಹಿಂಸೆಯ ನಿಷೇಧದಲ್ಲಿ ವ್ಯಕ್ತಿಯ ನಡತೆ, ಅದು ಎಷ್ಟೇ ಅಪಾಯಕಾರಿಯಾಗಿರಲಿ, ಲೆಕ್ಕಕ್ಕೆ ಬರುವುದಿಲ್ಲ. ಈ ರಕ್ಷಣೆ 1951ರ ಒಡಂಬಡಿಕೆಯ 32 ಮತ್ತು 33ನೇ ವಿಧಿಗಳು ಕೊಡುವುದಕ್ಕಿಂತ ವಿಶಾಲವಾದದ್ದು ಎಂದು ಸ್ಪಷ್ಟವಾಗಿಯೇ ಹೇಳಿತು. ನ್ಯೂಯಾರ್ಕ್ ಮತ್ತು ಲಂಡನ್ ದಾಳಿಗಳ ನಂತರ, 2008ರ ಸಾದಿ ವಿರುದ್ಧ ಇಟಲಿ ಪ್ರಕರಣದಲ್ಲಿ ಬ್ರಿಟನ್ ಮಧ್ಯಪ್ರವೇಶಿಸಿ ಆ ನಿಲುವನ್ನು ಸಡಿಲಿಸುವಂತೆ ಕೇಳಿಕೊಂಡಾಗಲೂ ನ್ಯಾಯಾಲಯ ಒಮ್ಮತದಿಂದ ನಿರಾಕರಿಸಿತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲಿದೆ. 33(2) ವಿಧಿಯು ಒಬ್ಬ ವ್ಯಕ್ತಿಯಿಂದ ನಿರಾಶ್ರಿತನೆಂಬ ಸ್ಥಾನದ ಲಾಭವನ್ನು ಕಿತ್ತುಕೊಳ್ಳಬಲ್ಲದು, ಆದರೆ ಬೇರೆ ಒಡಂಬಡಿಕೆಯಿಂದ ಅವನಿಗೆ ಮನುಷ್ಯನೆಂಬ ಕಾರಣಕ್ಕೇ ಸಿಕ್ಕಿರುವ ರಕ್ಷಣೆಯನ್ನು ಮುಟ್ಟಲಾರದು. ಹಾಗೆಂದು ತಕ್ಕಡಿಯೇ ಬೇಡವೆಂದಲ್ಲ. ಯಾರಿಗೆ ವೀಸಾ ಕೊಡಬೇಕು, ಯಾರನ್ನು ಎಲ್ಲಿ ನೆಲೆಸಲು ಬಿಡಬೇಕು, ಕುಟುಂಬವಿರುವವನನ್ನು ಹೊರಹಾಕುವಾಗ ಅವನ ಮಕ್ಕಳ ಗತಿಯೇನು, ಬಂಧನ ಎಷ್ಟು ಕಾಲ ನಡೆಯಬಹುದು, ಇಲ್ಲೆಲ್ಲ ತೂಗುವುದೇ ಕಾನೂನು. ಸರ್ಕಾರಕ್ಕೆ ಇಲ್ಲಿ ಸಾಕಷ್ಟು ದೊಡ್ಡ ಅಂಗಳವೇ ಇದೆ. ತೂಗಬಾರದ ಜಾಗ ಒಂದೇ ಒಂದು. ಅದನ್ನೂ ತಕ್ಕಡಿಗೆ ಹಾಕಿದರೆ, ಮುಂದೆ ಪ್ರತಿ ಪ್ರಕರಣದಲ್ಲೂ ಎಷ್ಟು ಹಿಂಸೆಯನ್ನು ಸಹಿಸಬಹುದು ಎಂದು ನ್ಯಾಯಾಧೀಶರು ಲೆಕ್ಕ ಹಾಕುತ್ತ ಕೂರಬೇಕಾಗುತ್ತದೆ.

ಇನ್ನು ಭಾರತದ ಮಾತು. 1951ರ ಒಡಂಬಡಿಕೆಗಾಗಲಿ 1967ರ ಪ್ರೋಟೊಕಾಲ್‌ಗಾಗಲಿ ನಾವು ಸೇರಿಲ್ಲ. ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ್ದೇವೆ, ಸ್ಥಿರೀಕರಿಸಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1979ರಲ್ಲಿ ಸೇರಿದ್ದೇವೆ. ಆದರೆ ವಿದೇಶೀಯರ ಉಚ್ಚಾಟನೆಗೆ ಸಂಬಂಧಿಸಿದ ಅದರ 13ನೇ ವಿಧಿಯ ವಿಷಯದಲ್ಲಿ ನಮ್ಮದೇ ಕಾನೂನನ್ನು ಅನ್ವಯಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ. ಚಿತ್ರಹಿಂಸೆಯನ್ನು ನಿಷೇಧಿಸುವ 7ನೇ ವಿಧಿಯ ಮೇಲೆ ಅಂಥ ಯಾವ ಕಾಯ್ದಿರಿಕೆಯೂ ಇಲ್ಲ, ಮತ್ತು ತುರ್ತು ಪರಿಸ್ಥಿತಿಯಲ್ಲೂ ಅದನ್ನು ಅಮಾನತಿನಲ್ಲಿಡಲು ಆ ಒಪ್ಪಂದ ಬಿಡುವುದಿಲ್ಲ. ನಮ್ಮ ಸರ್ಕಾರಿ ವಕೀಲರು ಈ ಕೊನೆಯ ಅಂಶವನ್ನು ದಾಟಿ ಹೋಗುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ.

ನಮ್ಮ ನ್ಯಾಯಾಲಯಗಳು ಒಂದೇ ದಿಕ್ಕಿನಲ್ಲಿ ನಡೆದಿಲ್ಲ. ವಿದೇಶೀಯರನ್ನು ಹೊರಹಾಕುವ ಅಧಿಕಾರ ಸರ್ಕಾರಕ್ಕೆ ನಿರಂಕುಶವಾಗಿದೆ ಎಂದು 1955ರಲ್ಲೇ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1996ರಲ್ಲಿ ಅದೇ ಕೋರ್ಟ್ ಅರುಣಾಚಲದಲ್ಲಿ ನೆಲೆಸಿದ್ದ ಸುಮಾರು 65,000 ಚಕ್ಮಾ ನಿರಾಶ್ರಿತರ ಪರವಾಗಿ ನಿಂತು, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ನಾಗರಿಕರಲ್ಲದವರಿಗೂ ಇದೆ, ಅವರನ್ನು ಕಾಪಾಡುವುದು ರಾಜ್ಯದ ಕರ್ತವ್ಯ ಎಂದಿತು. 2021ರ ಏಪ್ರಿಲ್ 8ರಂದು, ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳ ಪರವಾಗಿ ಸಲ್ಲಿಸಿದ್ದ ಸಲೀಮುಲ್ಲಾ ಅರ್ಜಿಯಲ್ಲಿ ಮಾತ್ರ ಮಧ್ಯಂತರ ರಕ್ಷಣೆ ನಿರಾಕರಿಸಿತು: ಗಡೀಪಾರಾಗದಿರುವ ಹಕ್ಕು ದೇಶದಲ್ಲಿ ನೆಲೆಸುವ 19(1)(ಇ) ವಿಧಿಯ ಹಕ್ಕಿಗೆ ಅಂಟಿಕೊಂಡದ್ದು, ಅದು ನಾಗರಿಕರಿಗೆ ಮಾತ್ರ ಎಂದಿತು. ಆದರೂ ನಿಗದಿತ ಕಾರ್ಯವಿಧಾನ ಪಾಲಿಸದೆ ಅವರನ್ನು ಗಡೀಪಾರು ಮಾಡಬಾರದು ಎಂಬ ಸಾಲು ಆ ಆದೇಶದಲ್ಲಿದೆ. ಒಂದು ತಿಂಗಳೂ ಕಳೆಯುವ ಮೊದಲು, ಮೇ 3ರಂದು, ಮಣಿಪುರ ಹೈಕೋರ್ಟ್ ಮ್ಯಾನ್ಮಾರ್‌ನಿಂದ ಓಡಿಬಂದ ಏಳು ಜನರಿಗೆ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯಲ್ಲಿ ರಕ್ಷಣೆ ಕೋರಲು ದಾರಿ ಮಾಡಿಕೊಟ್ಟಿತು. ಮರಳಿ ಅಟ್ಟದಿರುವ ತತ್ವವನ್ನು 21ನೇ ವಿಧಿಯೊಳಗೇ ಓದಿಕೊಳ್ಳಬಹುದು ಎಂಬುದು ಅದರ ನಿಲುವು.

ನನ್ನ ಅಭಿಪ್ರಾಯದಲ್ಲಿ ಸಲೀಮುಲ್ಲಾ ಆದೇಶ ತಪ್ಪಾದ ವಿಧಿಯನ್ನು ಹಿಡಿದುಕೊಂಡಿತು. ಅರ್ಜಿದಾರರು ಕೇಳಿದ್ದು ಇಲ್ಲಿ ನೆಲೆಸುವ ಹಕ್ಕನ್ನಲ್ಲ, ಅಲ್ಲಿ ಸಾಯದಿರುವ ಹಕ್ಕನ್ನು. ಅದು 21ನೇ ವಿಧಿಯ ಪ್ರಶ್ನೆ.

ಉತ್ತರ: ನಿವೃತ್ತ ಪೊಲೀಸ್ ಅಧಿಕಾರಿ, ಬೆಂಗಳೂರು

ವಕೀಲರು ಬರೆದದ್ದನ್ನು ಗೌರವದಿಂದ ಓದಿದೆ. ನನ್ನ ಸೇವೆಯ ಕೆಲವು ವರ್ಷ ವಿದೇಶೀಯರ ನೋಂದಣಿಯ ಕೆಲಸದಲ್ಲಿ ಕಳೆದಿವೆ. ಆದ್ದರಿಂದ ಮೇಜಿನ ಈ ಕಡೆಯಿಂದ ಕಾಣುವುದನ್ನೂ ಹೇಳಬೇಕು.

1991ರ ಆಗಸ್ಟ್‌ನಲ್ಲಿ ಕೋಣನಕುಂಟೆಯ ಮನೆಯೊಂದನ್ನು ಸುತ್ತುವರಿದಿದ್ದಾಗ ನಾನು ಹೊಸದಾಗಿ ಇಲಾಖೆಗೆ ಸೇರಿದ್ದೆ. ಹೊರಗಿನ ಕಾವಲಿನಲ್ಲಿ, ಮುಖ್ಯರಸ್ತೆಯ ತಿರುವಿನಲ್ಲಿ ನಿಂತಿದ್ದೆ. ರಾಜೀವ್ ಗಾಂಧಿಯವರ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು ಆ ಮನೆಯಲ್ಲಿ ಶವಗಳಾಗಿ ಸಿಕ್ಕರು. ಅಕ್ಕಪಕ್ಕದವರು, “ಸ್ವಾಮಿ, ಬಾಡಿಗೆಗೆ ಬಂದವರು ಎಂದಷ್ಟೇ ಗೊತ್ತಿತ್ತು” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಶಿವರಾಸನ್ ತಂಡ ಶ್ರೀಲಂಕಾದಿಂದ ದೋಣಿಯಲ್ಲಿ ದಾಟಿ ಬಂದ ಕಡಲೂ, ಲಕ್ಷಾಂತರ ಅಮಾಯಕ ತಮಿಳರು ಜೀವ ಕೈಯಲ್ಲಿ ಹಿಡಿದು ದಾಟಿ ಬಂದ ಕಡಲೂ ಒಂದೇ. ಯಾರು ಯಾರೆಂದು ದಡದಲ್ಲಿ ನಿಂತವನು ಹೇಗೆ ತಿಳಿಯಬೇಕು? ಇದನ್ನು ನಾನು ವಾದಕ್ಕಾಗಿ ಹೇಳುತ್ತಿಲ್ಲ. ಆ ರಾತ್ರಿಯಿಂದ ನನ್ನ ಜೊತೆಗೇ ಇರುವ ಪ್ರಶ್ನೆ ಇದು.

ಅಂತರರಾಷ್ಟ್ರೀಯ ಕಾನೂನು ಎಂದರೆ ಮಾನವ ಹಕ್ಕುಗಳ ಒಡಂಬಡಿಕೆಗಳು ಮಾತ್ರವಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಿ. 2001ರ ಸೆಪ್ಟೆಂಬರ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯವು, ನಿರಾಶ್ರಿತ ಸ್ಥಾನ ಕೊಡುವ ಮೊದಲು ಅರ್ಜಿದಾರ ಭಯೋತ್ಪಾದಕ ಕೃತ್ಯವನ್ನು ಯೋಜಿಸಿಲ್ಲ, ಅದಕ್ಕೆ ನೆರವಾಗಿಲ್ಲ, ಅದರಲ್ಲಿ ಭಾಗಿಯಾಗಿಲ್ಲ ಎಂದು ಖಚಿತಪಡಿಸಿಕೊಳ್ಳುವಂತೆ ಎಲ್ಲ ದೇಶಗಳಿಗೂ ಹೇಳಿದೆ. ಹೇಳುವುದು ಸುಲಭ. ದಾಖಲೆಯಿಲ್ಲದೆ, ಭಾಷೆ ಬಾರದೆ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತವರ ಮುಂದೆ ಕೂತ ಕೆಳಹಂತದ ಅಧಿಕಾರಿಗೆ ಆಶ್ರಯ ನೀಡುವ ಕುರಿತು ಸಂಸತ್ತು ಮಾಡಿದ ಒಂದು ಕಾನೂನೂ ನಮ್ಮಲ್ಲಿಲ್ಲ. 1946ರ ವಿದೇಶೀಯರ ಕಾಯಿದೆಯಲ್ಲಿ ನಿರಾಶ್ರಿತ ಎಂಬ ಪ್ರತ್ಯೇಕ ವರ್ಗವೇ ಇರಲಿಲ್ಲ. ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯೂ ಆಶ್ರಯ ಕೋರುವ ವಿಧಾನವನ್ನು ರೂಪಿಸಲಿಲ್ಲ. ಹೀಗಿರುವಾಗ ಅಧಿಕಾರಿ ತಪ್ಪು ಮಾಡಿದರೆ ಎರಡೂ ಕಡೆಯಿಂದ ಬೈಗುಳ ತಿನ್ನುವವನು ಅವನೇ.

ಇಷ್ಟು ಹೇಳಿ, ಒಂದು ವಿಷಯವನ್ನು ಒಪ್ಪಿಕೊಳ್ಳುತ್ತೇನೆ. ಕೋಣನಕುಂಟೆಯ ಆ ಜನರನ್ನು ಪತ್ತೆಹಚ್ಚಿದ್ದು ತನಿಖೆ. ತಮಿಳುನಾಡಿನ ಶಿಬಿರಗಳಲ್ಲಿದ್ದ ಸಾಮಾನ್ಯ ನಿರಾಶ್ರಿತರನ್ನು ಅನುಮಾನದಿಂದ ನೋಡಿದ್ದರಿಂದ ಆ ತನಿಖೆಗೆ ಏನೂ ಲಾಭವಾಗಲಿಲ್ಲ. 1992ರಿಂದ ಅವರನ್ನು ವಾಪಸು ಕಳುಹಿಸಲು ಆರಂಭಿಸಿದಾಗ, ಅವರು ಮನಸ್ಸಿನಿಂದ ಹೋಗುತ್ತಿದ್ದಾರೋ ಒತ್ತಡದಿಂದಲೋ ಎಂದು ಪರಿಶೀಲಿಸಲು ವಿಶ್ವಸಂಸ್ಥೆಯ ಕಚೇರಿಗೆ ಕಡೆಗೂ ಅವಕಾಶ ಕೊಡಬೇಕಾಯಿತು.

ಉತ್ತರ: ಟೊರೊಂಟೊದಿಂದ ಒಬ್ಬ ಕನ್ನಡಿಗ

ಹಿರಿಯ ಅಧಿಕಾರಿಗಳ ಮಾತು ಮನಸ್ಸಿಗೆ ನಾಟಿತು. ಆದರೆ 1373ನೇ ನಿರ್ಣಯದ ಅದೇ ವಾಕ್ಯದಲ್ಲಿ, ಈ ಕ್ರಮಗಳು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಮಾನದಂಡಗಳಿಗೆ ಅನುಗುಣವಾಗಿರಬೇಕು ಎಂಬ ಮಾತೂ ಇದೆ. ಅದನ್ನು ಬಿಟ್ಟು ಓದಿದರೆ ನಿರ್ಣಯದ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ.

ಧಾರವಾಡದ ವಕೀಲರು ‘ತೂಗಬಾರದ ಜಾಗ ಒಂದೇ’ ಎಂದಿದ್ದಾರೆ. ನಾನಿರುವ ದೇಶದ ಸುಪ್ರೀಂ ಕೋರ್ಟ್ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಶ್ರೀಲಂಕಾದ ತಮಿಳು ಉಗ್ರಗಾಮಿ ಸಂಘಟನೆ ಎಲ್‌ಟಿಟಿಇಗೆ ಹಣ ಸಂಗ್ರಹಿಸಿದ ಆರೋಪ ಹೊತ್ತಿದ್ದ ಸುರೇಶ್ ಎಂಬ ನಿರಾಶ್ರಿತರ ಪ್ರಕರಣದಲ್ಲಿ, 2002ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಕಾನೂನು ಚಿತ್ರಹಿಂಸೆಯತ್ತ ಕಳುಹಿಸುವುದನ್ನು ತಳ್ಳಿಹಾಕುತ್ತದೆ ಎಂದು ಒಪ್ಪಿಕೊಂಡೂ, ಅಸಾಧಾರಣ ಸಂದರ್ಭಗಳಲ್ಲಿ ಕೆನಡಾದ ಸಂವಿಧಾನದ ಪ್ರಕಾರ ಅದು ಸಮರ್ಥನೀಯವಾಗಬಹುದು ಎಂಬ ಸಣ್ಣ ಬಾಗಿಲನ್ನು ತೆರೆದೇ ಇಟ್ಟಿತು. ನ್ಯೂಯಾರ್ಕ್ ದಾಳಿ ನಡೆದು ನಾಲ್ಕು ತಿಂಗಳಾಗಿತ್ತಷ್ಟೇ. ಆ ಬಾಗಿಲನ್ನು ಅಂದೇ ಮುಚ್ಚಬೇಕಾಗಿತ್ತು ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಅದೇ ತೀರ್ಪು ಇನ್ನೊಂದು ಉಪಕಾರ ಮಾಡಿತು. ಭದ್ರತೆಗೆ ಅಪಾಯ ಎಂದರೇನು ಎಂಬುದಕ್ಕೆ ಅದು ಅಳತೆ ಕೊಟ್ಟಿತು: ಅಪಾಯ ಗಂಭೀರವಾಗಿರಬೇಕು, ಸಾಕ್ಷ್ಯದ ಮೇಲೆ ನಿಂತ ಅನುಮಾನವಾಗಿರಬೇಕು, ಆಗಬಹುದಾದ ಹಾನಿ ಕ್ಷುಲ್ಲಕವಾಗಿರಬಾರದು. ಚಿತ್ರಹಿಂಸೆಯ ಭಯವನ್ನು ಮೇಲ್ನೋಟಕ್ಕೆ ತೋರಿಸಿಕೊಟ್ಟವನಿಗೆ ತನ್ನ ವಿರುದ್ಧ ಏನಿದೆ ಎಂದು ತಿಳಿಸಬೇಕು, ಅದಕ್ಕೆ ಬರವಣಿಗೆಯಲ್ಲಿ ಉತ್ತರಿಸಲು ಬಿಡಬೇಕು. ಅದು ಆಗಿರಲಿಲ್ಲವೆಂದು ಸುರೇಶ್ ಅವರಿಗೆ ಹೊಸ ವಿಚಾರಣೆ ಸಿಕ್ಕಿತು.

ಜಗಳ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ತತ್ವದ ಬಗ್ಗೆ ಭಾಷಣ ಮಾಡುವಾಗ ಎಲ್ಲರೂ ಒಪ್ಪುತ್ತಾರೆ. ಕಡತವನ್ನು ತೋರಿಸಿ ಎಂದಾಗ ಬಾಯಿ ಮುಚ್ಚುತ್ತದೆ. ಚಾಹಲ್ ಆರು ವರ್ಷ ಜೈಲಿನಲ್ಲಿದ್ದರು, ಅವರ ಪ್ರಕರಣವನ್ನು ನೋಡಿದ್ದು ಒಂದು ಸಲಹಾ ಮಂಡಳಿ. ಅದರ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ, ಅದರ ಸಲಹೆ ಮಂತ್ರಿಯನ್ನು ಕಟ್ಟಿಹಾಕುತ್ತಲೂ ಇರಲಿಲ್ಲ. ಅದು ಸಾಲದು ಎಂದು ಸ್ಟ್ರಾಸ್‌ಬರ್ಗ್ ಹೇಳಿದ್ದರಿಂದಲೇ ಬ್ರಿಟನ್ 1997ರಲ್ಲಿ ವಿಶೇಷ ವಲಸೆ ಮೇಲ್ಮನವಿ ಆಯೋಗವನ್ನು ಸ್ಥಾಪಿಸಿ, ಗುಪ್ತ ಸಾಕ್ಷ್ಯವನ್ನು ನೋಡಿ ಪ್ರಶ್ನಿಸಬಲ್ಲ ವಿಶೇಷ ವಕೀಲರ ಪದ್ಧತಿಯನ್ನು ತಂದಿತು. ಕೆನಡಾ ಕೂಡ 2007ರ ಚರ್ಕೌಯಿ ತೀರ್ಪಿನ ನಂತರ ಆ ದಾರಿ ಹಿಡಿಯಿತು. ಈ ಪದ್ಧತಿಯಲ್ಲೂ ದೊಡ್ಡ ಕೊರತೆಯಿದೆ: ಸಾಕ್ಷ್ಯವನ್ನು ನೋಡಿದ ಮೇಲೆ ಆ ವಕೀಲರು ಕಕ್ಷಿದಾರನ ಜೊತೆ ಮುಕ್ತವಾಗಿ ಮಾತನಾಡುವಂತಿಲ್ಲ. ಆದರೂ ಏನೂ ಇಲ್ಲದ ಕಡೆಗಿಂತ ಮೇಲು.

ನಿಮ್ಮ ವಿದ್ಯಾರ್ಥಿಗೆ ಹೀಗೆ ಹೇಳಬಹುದು, ಮೇಡಂ. ಬಾಂಬ್ ಇಡಲು ಬಂದವನನ್ನು ಯಾರೂ ಸಾಕಬೇಕಾಗಿಲ್ಲ, ಅವನ ಮೇಲೆ ಮೊಕದ್ದಮೆ ಹೂಡಿ ಶಿಕ್ಷಿಸಬೇಕು. ಯುದ್ಧಾಪರಾಧ ಅಥವಾ ಮಾನವತೆಯ ವಿರುದ್ಧದ ಅಪರಾಧ ಎಸಗಿದವನಿಗೆ 1951ರ ಒಡಂಬಡಿಕೆಯ 1(ಎಫ್) ವಿಧಿಯಡಿ ನಿರಾಶ್ರಿತ ಸ್ಥಾನವೇ ಸಿಗುವುದಿಲ್ಲ. ಹಿಂಸೆಯ ಭಯವಿಲ್ಲದ ಮೂರನೇ ದೇಶ ಸಿಕ್ಕರೆ ಅಲ್ಲಿಗೆ ಕಳುಹಿಸಬಹುದು. ನಿಗಾ ಇಡಬಹುದು, ಓಡಾಟವನ್ನು ನಿರ್ಬಂಧಿಸಬಹುದು. ಜೋರ್ಡಾನ್‌ನ ಧರ್ಮಪ್ರಚಾರಕ ಅಬು ಖತಾದಾ ಪ್ರಕರಣದಲ್ಲಿ, ಅಲ್ಲಿನ ವಿಚಾರಣೆಯಲ್ಲಿ ಹಿಂಸೆಯಿಂದ ಪಡೆದ ಸಾಕ್ಷ್ಯ ಬಳಕೆಯಾಗುವ ಅಪಾಯವಿದೆಯೆಂದು 2012ರಲ್ಲಿ ಸ್ಟ್ರಾಸ್‌ಬರ್ಗ್ ಗಡೀಪಾರನ್ನು ತಡೆದಾಗ, ಬ್ರಿಟನ್ ಆ ದೇಶದ ಜೊತೆ ಒಪ್ಪಂದ ಮಾಡಿಕೊಂಡು ಆ ಅಪಾಯವನ್ನು ತೊಡೆದು 2013ರ ಜುಲೈನಲ್ಲಿ ಅವರನ್ನು ಕಳುಹಿಸಿತು. ದಾರಿ ನಿಧಾನದ್ದು, ಆದರೆ ಕೊನೆಮುಟ್ಟಿತು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಅನುಮಾನ ಉಳಿದಿದೆ. ನಮ್ಮಲ್ಲಿ ಸರ್ಕಾರ ‘ಭದ್ರತೆ’ ಎಂಬ ಒಂದು ಪದ ಹೇಳಿ ಕಾರಣಗಳನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಕೊಟ್ಟರೆ ಎದುರು ಪಕ್ಷದವನು ಮಾಡುವುದೇನು? ತಾನು ವಿದೇಶೀಯನಲ್ಲ ಎಂದು ರುಜುವಾತು ಮಾಡುವ ಹೊರೆಯೂ ಅವನ ಮೇಲೆಯೇ ಇದೆಯಲ್ಲವೇ?

ಉತ್ತರ: ಧಾರವಾಡದ ವಕೀಲ

ಹೌದು, 1946ರ ಕಾಯಿದೆಯ 9ನೇ ಕಲಂ ಆ ಹೊರೆಯನ್ನು ವ್ಯಕ್ತಿಯ ಮೇಲೆ ಹೊರಿಸಿತ್ತು, ಹೊಸ ಕಾಯಿದೆಯೂ ಅದನ್ನು ಮುಂದುವರಿಸಿದೆ. ಆದರೆ ಅಸ್ಸಾಮಿನ ರಹೀಮ್ ಅಲಿ ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಕಡಿವಾಣ ಹಾಕಿದೆ. ಯಾವ ಆಧಾರವೂ ಇಲ್ಲದೆ ದಾರಿಯಲ್ಲಿ ಹೋಗುವವನ ಬಾಗಿಲು ತಟ್ಟಿ ‘ನೀನು ವಿದೇಶೀಯ’ ಎನ್ನಲು ಆ ಕಲಂ ಅಧಿಕಾರ ಕೊಡುವುದಿಲ್ಲ. ಮೊದಲು ಸರ್ಕಾರದ ಕೈಯಲ್ಲಿ ಏನಾದರೂ ಸಾಮಗ್ರಿ ಇರಬೇಕು, ಅದನ್ನು ಅವನಿಗೆ ತಿಳಿಸಬೇಕು, ಆಮೇಲಷ್ಟೇ ಹೊರೆ ಅವನ ಹೆಗಲಿಗೆ ಬರುತ್ತದೆ.

ಲಕೋಟೆಯ ಬಗ್ಗೆ ಹೇಳುವುದಾದರೆ, 2023ರ ಏಪ್ರಿಲ್ 5ರಂದು ಬಂದ ಮಾಧ್ಯಮಂ ಬ್ರಾಡ್‌ಕಾಸ್ಟಿಂಗ್ ತೀರ್ಪನ್ನು ನೋಡಿ. ಮಲಯಾಳಂ ಸುದ್ದಿವಾಹಿನಿಯೊಂದಕ್ಕೆ ಗೃಹ ಸಚಿವಾಲಯ ಭದ್ರತಾ ಅನುಮೋದನೆ ನಿರಾಕರಿಸಿದ ಪ್ರಕರಣ ಅದು. ವಲಸೆಗೂ ಅದಕ್ಕೂ ನೇರ ಸಂಬಂಧವಿಲ್ಲದಿದ್ದರೂ ಅಲ್ಲಿ ಹೇಳಿದ ತತ್ವ ಇಲ್ಲಿಗೂ ಸಲ್ಲಬೇಕೆಂದು ನಾನು ವಾದಿಸುತ್ತೇನೆ. ರಾಷ್ಟ್ರೀಯ ಭದ್ರತೆಯನ್ನು ಗಾಳಿಯಲ್ಲಿ ಹೇಳಿದರೆ ಸಾಲದು, ಅದರ ಹಿಂದೆ ಸಾಮಗ್ರಿ ಇರಬೇಕು. ಮುಚ್ಚಿದ ಲಕೋಟೆ ಸಹಜ ನ್ಯಾಯವನ್ನು ಕೆಡಿಸುತ್ತದೆ. ಗೋಪ್ಯತೆ ನಿಜಕ್ಕೂ ಅಗತ್ಯವಾದಾಗ ಕೋರ್ಟ್ ಒಬ್ಬ ಅಮಿಕಸ್ ಕ್ಯೂರಿಯನ್ನು, ಅಂದರೆ ಯಾವ ಪಕ್ಷಕ್ಕೂ ಸೇರದೆ ನ್ಯಾಯಾಲಯಕ್ಕೆ ನೆರವಾಗುವ ವಕೀಲರನ್ನು, ನೇಮಿಸಿ ಅವರಿಗೆ ಕಡತ ತೋರಿಸಬಹುದು ಎಂದು ಅದು ಹೇಳಿದೆ. ಟೊರೊಂಟೊದ ಗೆಳೆಯರು ವಿವರಿಸಿದ ವಿಶೇಷ ವಕೀಲರಿಗೆ ಇದು ಹತ್ತಿರದ ವ್ಯವಸ್ಥೆ.

ಈ ತೀರ್ಪು ಬಂದಾಗಿನಿಂದ ಗಡೀಪಾರಿನ ಅರ್ಜಿಗಳಲ್ಲಿ ನಾನು ಅಮಿಕಸ್ ನೇಮಕಕ್ಕೆ ಪ್ರತ್ಯೇಕ ಪ್ರಾರ್ಥನೆಯನ್ನು ಸೇರಿಸುತ್ತಿದ್ದೇನೆ. ನಿಮ್ಮ ವಿದ್ಯಾರ್ಥಿಗಳಿಗೆ ಆಸಕ್ತಿಯಿದ್ದರೆ ಎರಡೂ ತೀರ್ಪುಗಳ ಮುಖ್ಯ ಪರಿಚ್ಛೇದಗಳನ್ನು ಕನ್ನಡಕ್ಕೆ ಮಾಡಿಟ್ಟುಕೊಂಡಿದ್ದೇನೆ, ಇಲ್ಲೇ ಹಾಕುತ್ತೇನೆ.